ನೆಲಮಾಳಿಗೆಗೊಂದು ಬಚ್ಚಲು: ಕೊಳವೆ ಹೂಳುವ ಮುನ್ನ ರಸ್ತೆಯ ಮಟ್ಟ ಅಳೆಯಬೇಕು

ನಿವೇಶನದ ಬೆಲೆ ಏರಿದಂತೆಲ್ಲ ಬೆಂಗಳೂರಿನ ಮನೆಗಳು ಮೇಲಕ್ಕಷ್ಟೇ ಅಲ್ಲ, ಕೆಳಕ್ಕೂ ಬೆಳೆಯತೊಡಗಿವೆ. ಕಾರು ನಿಲ್ಲಿಸಲೆಂದು ತೋಡಿದ ನೆಲಮಾಳಿಗೆಯ ಮೂಲೆಯಲ್ಲಿ ಕಾವಲುಗಾರರಿಗೆಂದು ಒಂದು ಶೌಚಾಲಯ, ವ್ಯಾಯಾಮದ ಕೋಣೆಗೆ ತಗುಲಿದಂತೆ ಒಂದು ಸ್ನಾನದ ಮನೆ ಎಂಬ ಬೇಡಿಕೆ ಈಗ ಅಪರೂಪವಲ್ಲ. ಮಾಲೀಕರ ಚರ್ಚೆ ಸಾಮಾನ್ಯವಾಗಿ ಟೈಲ್ಸಿನ ಬಣ್ಣದಿಂದ ಆರಂಭವಾಗಿ ಕಮೋಡಿನ ಕಂಪನಿಯ ಹೆಸರಿನಲ್ಲಿ ಮುಗಿಯುತ್ತದೆ. ಕೊಳೆನೀರಿನ ಕೊಳವೆಯ ಮಾತು ಬಂದರೆ ‘ಅದನ್ನು ಪ್ಲಂಬರ್ ನೋಡಿಕೊಳ್ಳುತ್ತಾರೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಮೊದಲ ಮಹಡಿಯ ಬಚ್ಚಲಿನ ಮಟ್ಟಿಗೆ ಈ ನಿಶ್ಚಿಂತೆ ನಡೆದೀತು. ಅಲ್ಲಿ ನೀರು ಬೀಳುವ ಜಾಗ ಎತ್ತರದಲ್ಲಿದೆ, ಹೋಗಬೇಕಾದ ಜಾಗ ತಗ್ಗಿನಲ್ಲಿದೆ; ಸಣ್ಣಪುಟ್ಟ ತಪ್ಪುಗಳನ್ನು ಗುರುತ್ವಾಕರ್ಷಣೆಯೇ ಮನ್ನಿಸುತ್ತದೆ. ನೆಲಮಾಳಿಗೆಯಲ್ಲಿ ಈ ಸಂಬಂಧ ತಲೆಕೆಳಗಾಗಿರುತ್ತದೆ. ಬಚ್ಚಲು ತಗ್ಗಿನಲ್ಲಿ, ರಸ್ತೆಯ ಒಳಚರಂಡಿ ಎತ್ತರದಲ್ಲಿ. ಆದ್ದರಿಂದ ಅಲ್ಲಿನ ಕೊಳವೆಯ ಜಾಗವನ್ನು ಬಚ್ಚಲಿನ ಗೋಡೆಗಳು ನಿರ್ಧರಿಸುವುದಿಲ್ಲ. ಮನೆಯ ಮುಂದಿನ ರಸ್ತೆಯಲ್ಲಿರುವ ಆಳುಗುಂಡಿಯ ಮುಚ್ಚಳ ಯಾವ ಮಟ್ಟದಲ್ಲಿದೆ ಎಂಬುದೇ ಅದನ್ನು ನಿರ್ಧರಿಸುತ್ತದೆ. ಈ ಒಂದು ಸಂಗತಿಯನ್ನು ಗಮನಿಸದೆ ಕಟ್ಟಿದ ಬಚ್ಚಲು, ಮಳೆಗಾಲದ ಒಂದು ರಾತ್ರಿ ಬೀದಿಯವರೆಲ್ಲರ ಕೊಳೆನೀರಿಗೆ ಬಾಗಿಲಾಗುವ ಸಾಧ್ಯತೆ ಇದೆ.

ತಾಂತ್ರಿಕ ವಿಷಯಕ್ಕೆ ಹೋಗುವ ಮುನ್ನ ಇನ್ನೊಂದು ಮಾತು. ನೆಲಮಾಳಿಗೆಯನ್ನು ಯಾವುದಕ್ಕೆ ಬಳಸಬಹುದು ಎಂಬುದಕ್ಕೆ ಕಟ್ಟಡ ನಿಯಮಗಳ ಕಟ್ಟುಪಾಡು ಇದೆ. ವಾಹನ ನಿಲುಗಡೆ, ದಾಸ್ತಾನು, ಕಟ್ಟಡದ ಯಂತ್ರೋಪಕರಣ ಇಂಥವುಗಳಿಗಷ್ಟೇ ಮೀಸಲು ಎಂಬುದು ಸಾಮಾನ್ಯ ನಿಲುವು. ಮಂಜೂರಾದ ನಕ್ಷೆಯಲ್ಲಿ ಇಲ್ಲದ ಬಚ್ಚಲನ್ನು ಸೇರಿಸುವ ಮುನ್ನ ಪಾಲಿಕೆಯ ಒಪ್ಪಿಗೆಯನ್ನೂ, ಒಳಚರಂಡಿ ಸಂಪರ್ಕಕ್ಕೆ ಜಲಮಂಡಳಿಯ ಒಪ್ಪಿಗೆಯನ್ನೂ ಪಡೆಯುವುದು ಅಗತ್ಯ. ಇದನ್ನು ಬದಿಗಿಟ್ಟು ಎಷ್ಟೇ ಚೆಂದದ ಕೊಳವೆ ಹಾಕಿದರೂ ಪ್ರಯೋಜನವಿಲ್ಲ.

ಅಮೆರಿಕದ ವಿಡಿಯೊ, ಇಲ್ಲಿನ ನೆಲ

ಈ ಕೆಲಸಕ್ಕೆ ಕೈ ಹಾಕುವವರು ಮೊದಲು ಮೊರೆ ಹೋಗುವುದು ಅಂತರ್ಜಾಲದಲ್ಲಿ ದೊರೆಯುವ ವಿಡಿಯೊಗಳಿಗೆ. ಅವುಗಳಲ್ಲಿ ಹೆಚ್ಚಿನವು ಅಮೆರಿಕ, ಕೆನಡಾಗಳವು. ಕಾಂಕ್ರೀಟ್ ನೆಲವನ್ನು ಗರಗಸದಿಂದ ಕೊಯ್ದು, ಕಾಲುವೆ ತೋಡಿ, ಕೊಳವೆ ಕೂರಿಸಿ, ಅದನ್ನು ನೆಲದಡಿ ಮೊದಲೇ ಇರುವ ಮುಖ್ಯ ಕೊಳವೆಗೆ ಸೇರಿಸಿ ಮತ್ತೆ ಕಾಂಕ್ರೀಟ್ ಮುಚ್ಚುವುದನ್ನು ಅವು ತೋರಿಸುತ್ತವೆ. ನೋಡಲು ಒಂದೆರಡು ದಿನದ ಕೆಲಸ ಎನಿಸುತ್ತದೆ.

ಅಲ್ಲಿ ಅದು ಸಾಧ್ಯವಾಗುವುದಕ್ಕೆ ಕಾರಣ ಬೇರೆ. ಚಳಿಗಾಲದಲ್ಲಿ ಮೇಲ್ಮಣ್ಣಿನ ತೇವ ಹೆಪ್ಪುಗಟ್ಟುವ ಪ್ರದೇಶಗಳಲ್ಲಿ ಮನೆಯ ಪಾಯವನ್ನು ಹಿಮ ತಾಗದಷ್ಟು ಆಳಕ್ಕೆ ಇಳಿಸಬೇಕಾಗುತ್ತದೆ. ಹೇಗೂ ತೋಡಿದ್ದಾಗಿದೆ ಎಂದು ಅಲ್ಲಿ ನೆಲಮಾಳಿಗೆ ಮನೆಯ ಸಹಜ ಭಾಗವೇ ಆಗಿಬಿಟ್ಟಿತು. ನೀರು, ಒಳಚರಂಡಿ ಕೊಳವೆಗಳನ್ನೂ ಆಳದಲ್ಲೇ ಹೂಳುತ್ತಾರೆ. ಹೀಗಾಗಿ ಅನೇಕ ಕಡೆ ರಸ್ತೆಯ ಒಳಚರಂಡಿ ನೆಲಮಾಳಿಗೆಯ ನೆಲಕ್ಕಿಂತಲೂ ಕೆಳಗಿರುತ್ತದೆ. ಕೊಳೆನೀರು ತಾನಾಗಿ ಹರಿದುಹೋಗುತ್ತದೆ.

ಕರ್ನಾಟಕದಲ್ಲಿ ಹಿಮದ ಕಾಟವಿಲ್ಲ. ಮನೆಗಳಿಗೆ ನೆಲಮಾಳಿಗೆ ಇರುತ್ತದೆಂಬ ನಿರೀಕ್ಷೆಯಲ್ಲಿ ಯಾರೂ ಬಡಾವಣೆಗಳ ಒಳಚರಂಡಿಯನ್ನು ಹಾಕಿಲ್ಲ. ಬಡಾವಣೆಯ ಒಳರಸ್ತೆಗಳಲ್ಲಿ, ಅದರಲ್ಲೂ ಕೊಳವೆ ಆರಂಭವಾಗುವ ತುದಿಯಲ್ಲಿ, ಅದು ಒಂದೆರಡು ಮೀಟರಿಗಿಂತ ಆಳಕ್ಕೆ ಹೋಗಿರುವುದು ಕಡಿಮೆ. ನೆಲಮಾಳಿಗೆಯ ನೆಲವಾದರೋ ಎರಡೂವರೆ, ಮೂರು ಮೀಟರ್ ಕೆಳಗಿರುತ್ತದೆ. ಅಮೆರಿಕದ ವಿಡಿಯೊ ನೋಡಿ ಇಲ್ಲಿನ ನೆಲ ಒಡೆದವರಿಗೆ ಕೊಳವೆಯನ್ನು ಎಲ್ಲಿಗೆ ಒಯ್ಯಬೇಕೆಂಬ ಪ್ರಶ್ನೆ ಎದುರಾಗುವುದು ಆಗಲೇ.

ಮೊದಲು ಅಳತೆ, ಆಮೇಲೆ ಅಗೆತ

ಅಳೆಯಬೇಕಾದ್ದು ಮೂರು ಮಟ್ಟಗಳನ್ನು: ನೆಲಮಾಳಿಗೆಯ ಸಿದ್ಧ ನೆಲ, ಮನೆಯ ಆವರಣದೊಳಗಿನ ಕೊನೆಯ ಇನ್‌ಸ್ಪೆಕ್ಷನ್ ಚೇಂಬರಿನಲ್ಲಿ ಕೊಳವೆಯ ಒಳತಳ, ಮತ್ತು ರಸ್ತೆಯ ಆಳುಗುಂಡಿಯ ಮುಚ್ಚಳ. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಟ್ಯೂಬ್ ಸಾಕು. ಟ್ಯೂಬಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ರಸ್ತೆಯ ಮಟ್ಟವನ್ನು ಮನೆಯೊಳಗಿನ ಗೋಡೆಯ ಮೇಲೆ ಗೆರೆ ಎಳೆದು ಗುರುತಿಸಿಕೊಂಡರೆ ಉಳಿದದ್ದೆಲ್ಲ ಅಲ್ಲಿಂದ ಅಳತೆಪಟ್ಟಿಯ ಕೆಲಸ. ರಸ್ತೆಯ ಆಳುಗುಂಡಿಯ ಮುಚ್ಚಳವನ್ನು ಮನೆಯವರು ತೆರೆಯಬಾರದು, ತೆರೆಯುವ ಅಗತ್ಯವೂ ಇಲ್ಲ. ಒಳಗಿನ ಆಳ ತಿಳಿಯಬೇಕಾದರೆ ಸ್ಥಳೀಯ ಜಲಮಂಡಳಿ ಅಥವಾ ನಗರಾಡಳಿತದ ಎಂಜಿನಿಯರನ್ನು ಕೇಳಬೇಕು.

ಒಂದು ಲೆಕ್ಕವನ್ನು ಉದಾಹರಣೆಯಾಗಿ ನೋಡಬಹುದು. ರಸ್ತೆಯ ಮಟ್ಟವನ್ನು ಸೊನ್ನೆ ಎಂದುಕೊಂಡರೆ, ಚೇಂಬರಿನ ಕೊಳವೆಯ ಒಳತಳ 90 ಸೆಂಟಿಮೀಟರ್ ಕೆಳಗಿದೆ. ನೆಲಮಾಳಿಗೆಯ ನೆಲ 270 ಸೆಂಟಿಮೀಟರ್ ಕೆಳಗಿದೆ ಎನ್ನೋಣ. ಅಂದರೆ ಕೊಳೆನೀರು ಬಚ್ಚಲಿನ ನೆಲದಿಂದ 180 ಸೆಂಟಿಮೀಟರ್ ಮೇಲಕ್ಕೇರಬೇಕು. ಇಷ್ಟೇ ಅಲ್ಲ. ಕಮೋಡಿನಿಂದ ಬರುವ 110 ಮಿಲಿಮೀಟರ್ ಕೊಳವೆಗೆ 40ಕ್ಕೆ 1ರಿಂದ 60ಕ್ಕೆ 1ರಷ್ಟು ವಾಟ ಬೇಕು. 12 ಮೀಟರ್ ದೂರದ ಕೊಳವೆ 60ಕ್ಕೆ 1ರ ವಾಟದಲ್ಲಿ 20 ಸೆಂಟಿಮೀಟರ್ ಇಳಿಯುತ್ತದೆ, 40ಕ್ಕೆ 1ರಲ್ಲಿ 30 ಸೆಂಟಿಮೀಟರ್. ನೆಲದಡಿ ಈ ಇಳಿತಕ್ಕೂ ಜಾಗ ಮಾಡಬೇಕು.

ವಾಟ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ನಂಬಿದ ಮೇಸ್ತ್ರಿಗಳುಂಟು. ಕಡಿದಾದ ವಾಟದಲ್ಲಿ ನೀರು ಮುಂದೆ ಓಡಿ ಮಲ ಹಿಂದುಳಿಯುತ್ತದೆ ಎನ್ನುವ ಪ್ಲಂಬರುಗಳೂ ಉಂಟು. ನೆಲಮಾಳಿಗೆಯ ಮಟ್ಟಿಗೆ ಈ ವಾದದಲ್ಲಿ ಹೆಚ್ಚು ಸಾರವಿಲ್ಲ. ಅಲ್ಲಿ ಅನಗತ್ಯವಾಗಿ ಇಳಿಸಿದ ಪ್ರತಿ ಸೆಂಟಿಮೀಟರನ್ನೂ ಮತ್ತೆ ಪಂಪಿನಿಂದ ಮೇಲೆತ್ತಬೇಕು ಎಂಬುದೇ ಮುಖ್ಯ. ಅದಕ್ಕಿಂತ ಕೆಟ್ಟದ್ದು ಒಂದು ಕಡೆ ಇಳಿದು ಇನ್ನೊಂದು ಕಡೆ ಏರಿದ ಕೊಳವೆ. ಅದರ ಹೊಟ್ಟೆಯಲ್ಲಿ ನಿಂತ ನೀರೇ ಮುಂದಿನ ಕಟ್ಟಿಕೊಳ್ಳುವಿಕೆಗೆ ಮೂಲ.

ಪಂಪಿನ ಗೊಡವೆಯಿಲ್ಲದೆ ಕೆಲಸ ನಡೆಯುವ ಮನೆಗಳೂ ಇವೆ. ಮಡಿಕೇರಿ, ಮಂಗಳೂರಿನಂಥ ಊರುಗಳಲ್ಲಿ ಇಳಿಜಾರಿನ ನಿವೇಶನದ ಮನೆಗೆ ಮುಂಭಾಗದಿಂದ ನೋಡಿದರೆ ನೆಲಮಾಳಿಗೆ, ಹಿಂಭಾಗದಿಂದ ನೋಡಿದರೆ ಅದೇ ನೆಲ ಅಂತಸ್ತು. ಬೆಂಗಳೂರು ಕೂಡ ಸಮತಟ್ಟಾದ ಊರಲ್ಲ. ದಿಬ್ಬದ ಮೇಲೆ ಕುಳಿತು ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಎಂಬ ಮೂರು ಮುಖ್ಯ ಕಣಿವೆಗಳತ್ತ ನೀರು ಹರಿಸುವ ನಗರ. ಅಂಥ ಇಳಿಜಾರಿನಲ್ಲಿ ಹಿಂದಿನ ಅಥವಾ ಪಕ್ಕದ ತಗ್ಗು ರಸ್ತೆಯ ಒಳಚರಂಡಿಗೆ ಅಧಿಕೃತವಾಗಿ ಸಂಪರ್ಕ ಸಿಗುವುದಾದರೆ ನೀರನ್ನು ಅತ್ತ ಬಿಡುವುದು ಎಲ್ಲಕ್ಕಿಂತ ಉತ್ತಮ. ಆದರೆ ಕೊಳವೆ ಇಳಿಯುತ್ತದೆ ಎಂಬುದಷ್ಟೇ ಸಾಲದು. ಬಚ್ಚಲಿನ ನೆಲ, ಆ ರಸ್ತೆಯ ಆಳುಗುಂಡಿಯ ಮುಚ್ಚಳಕ್ಕಿಂತ ಎತ್ತರದಲ್ಲಿದೆಯೇ ಎಂಬುದನ್ನೂ ನೋಡಬೇಕು. ಯಾಕೆ ಎಂಬುದು ಮುಂದಿನ ಮಾತು.

ಊರಿನ ಕೊಳೆ ಮನೆಗೆ ಬರುವ ಬಗೆ

ಒಳಚರಂಡಿ ಎಲ್ಲಾದರೂ ಕಟ್ಟಿಕೊಂಡರೆ, ಅಥವಾ ತಾಳಿಕೊಳ್ಳಲಾರದಷ್ಟು ನೀರು ಅದಕ್ಕೆ ನುಗ್ಗಿದರೆ, ಕೊಳೆನೀರು ಆಳುಗುಂಡಿಗಳಲ್ಲಿ ಏರತೊಡಗುತ್ತದೆ. ಹೊರಬರಲು ಮೊದಲು ಸಿಕ್ಕ ತಗ್ಗಿನ ಬಾಯಿಯಿಂದ ಅದು ಉಕ್ಕುತ್ತದೆ. ಬೀದಿಯಲ್ಲಿ ಎಲ್ಲರ ಬಚ್ಚಲೂ ರಸ್ತೆಗಿಂತ ಎತ್ತರದಲ್ಲಿದ್ದರೆ ಆಳುಗುಂಡಿಯ ಮುಚ್ಚಳವೇ ಆ ಬಾಯಿ. ರಸ್ತೆಯಲ್ಲಿ ಕೊಳಚೆ ಹರಿಯುತ್ತದೆ, ಜನ ಮೂಗು ಮುಚ್ಚಿಕೊಂಡು ದೂರು ಕೊಡುತ್ತಾರೆ. ಆದರೆ ಒಂದು ಮನೆಯ ನೆಲಮಾಳಿಗೆಯ ಬಚ್ಚಲು ನೇರವಾಗಿ ಆ ಕೊಳವೆಗೆ ಸೇರಿದ್ದರೆ, ಎಲ್ಲಕ್ಕಿಂತ ತಗ್ಗಿನ ಬಾಯಿ ಅದೇ ಆಗುತ್ತದೆ. ರಸ್ತೆ ಒಣಗಿರುವಾಗಲೇ ನೆಲಮಾಳಿಗೆ ತುಂಬುತ್ತದೆ.

ಮಳೆಗಾಲದಲ್ಲಿ ಇದು ಹೆಚ್ಚಲು ಸ್ಪಷ್ಟ ಕಾರಣವಿದೆ. ಮನೆಬಳಕೆಯ ಕೊಳೆನೀರಿಗೆ ಒಳಚರಂಡಿ, ಮಳೆನೀರಿಗೆ ಬೀದಿಯ ಚರಂಡಿ ಮತ್ತು ರಾಜಕಾಲುವೆ ಎಂಬುದು ವ್ಯವಸ್ಥೆ. ಆದರೆ ಛಾವಣಿಯ ನೀರಿನ ಕೊಳವೆಯನ್ನು ಕದ್ದುಮುಚ್ಚಿ ಒಳಚರಂಡಿಗೆ ಸೇರಿಸಿದ ಮನೆಗಳು ಕಡಿಮೆಯಿಲ್ಲ. ಇದರ ಪರಿಣಾಮವನ್ನು ಅಂಕಿಗಳಲ್ಲಿ ಹೇಳುವುದಾದರೆ, 100 ಚದರ ಮೀಟರ್ ಛಾವಣಿಯ ಮೇಲೆ ಗಂಟೆಗೆ 50 ಮಿಲಿಮೀಟರ್ ಮಳೆ ಸುರಿದರೆ ಇಳಿಯುವ ನೀರು 5,000 ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಎಂಬ ನಗರ ನೀರು ಪೂರೈಕೆಯ ಅಳತೆಗೋಲಿನಲ್ಲಿ ನಾಲ್ವರ ಕುಟುಂಬ ದಿನಕ್ಕೆ ಬಳಸುವುದು 540 ಲೀಟರ್. ಒಂದು ಗಂಟೆಯ ಜೋರುಮಳೆಯಲ್ಲಿ ಒಂದೇ ಮನೆಯ ಛಾವಣಿ ಒಂಬತ್ತು ದಿನದ ಕೊಳೆನೀರಿನಷ್ಟನ್ನು ಕೊಳವೆಗೆ ಸುರಿಯುತ್ತದೆ. ಬೀದಿಯಲ್ಲಿ ಇಂಥ ನಾಲ್ಕಾರು ಮನೆಗಳಿದ್ದರೆ ಯಾವ ಕೊಳವೆ ತಾನೇ ತಾಳೀತು?

ಇದಕ್ಕೆ ಪ್ಲಂಬಿಂಗ್ ಶಾಸ್ತ್ರ ಸೂಚಿಸುವ ಒಂದು ರಕ್ಷಣೆ ಹಿಮ್ಮುಖ ತಡೆ ಕವಾಟ. ಅಂಗಡಿಗಳಲ್ಲಿ ಇದನ್ನು ಬ್ಯಾಕ್‌ವಾಟರ್ ವಾಲ್ವ್ ಅಥವಾ ನಾನ್ ರಿಟರ್ನ್ ವಾಲ್ವ್ ಎಂದು ಕೇಳಬೇಕು. ಕೊಳೆನೀರು ಹೊರಹೋಗುವಾಗ ತೆರೆದುಕೊಳ್ಳುವ ಇದರ ಬಾಗಿಲು, ಹೊರಗಿನಿಂದ ನೀರು ತಳ್ಳಿದಾಗ ಮುಚ್ಚಿಕೊಳ್ಳುತ್ತದೆ. ಅಮೆರಿಕದಲ್ಲಿ ವ್ಯಾಪಕವಾಗಿ ಅನುಸರಿಸುವ ಅಂತಾರಾಷ್ಟ್ರೀಯ ಪ್ಲಂಬಿಂಗ್ ಸಂಹಿತೆಯು, ರಸ್ತೆಯ ಒಳಚರಂಡಿಯಲ್ಲಿ ಮೇಲ್ಹರಿವಿನ ಕಡೆಯ ಮೊದಲ ಆಳುಗುಂಡಿಯ ಮುಚ್ಚಳಕ್ಕಿಂತ ತಗ್ಗಿನಲ್ಲಿರುವ ಕಮೋಡು, ಬೇಸಿನ್ ಮುಂತಾದವುಗಳಿಗೆ ಈ ಕವಾಟದ ರಕ್ಷಣೆ ಇರಲೇಬೇಕು ಎನ್ನುತ್ತದೆ. ಆಳದ ಒಳಚರಂಡಿ ಇರುವ ದೇಶದಲ್ಲೇ ಇಷ್ಟು ಎಚ್ಚರ.

ಕವಾಟ ಕೂರಿಸುವ ಜಾಗದಲ್ಲಿ ನಡೆಯುವ ತಪ್ಪು ಕವಾಟವಿಲ್ಲದಿರುವುದಕ್ಕಿಂತ ದುಬಾರಿಯಾಗಬಲ್ಲದು. ಮನೆಯ ಎಲ್ಲ ಮಹಡಿಗಳ ಕೊಳೆನೀರು ಸೇರಿದ ಮುಖ್ಯ ಕೊಳವೆಗೆ ಅದನ್ನು ಹಾಕಿದರೆ, ಹೊರಗೆ ನೀರೇರಿ ಕವಾಟ ಮುಚ್ಚಿಕೊಂಡ ಹೊತ್ತಿನಲ್ಲಿ ಮೇಲಿನ ಮಹಡಿಯವರು ಸ್ನಾನ ಮಾಡಿದ ನೀರಿಗೆ ಹೊರದಾರಿ ಇರುವುದಿಲ್ಲ. ಅದು ಹುಡುಕಿಕೊಂಡು ಬರುವುದು ನೆಲಮಾಳಿಗೆಯ ನೆಲದ ಟ್ರ್ಯಾಪನ್ನೇ. ಊರಿನ ಕೊಳೆ ತಡೆಯಿತು, ಸ್ವಂತ ಮನೆಯ ಕೊಳೆ ಮುಳುಗಿಸಿತು ಎಂಬಂತಾಗುತ್ತದೆ. ಆದ್ದರಿಂದ ಮೇಲಿನ ಮಹಡಿಗಳ ಕೊಳವೆ ಎಂದಿನಂತೆ ನೇರವಾಗಿ ರಸ್ತೆಗೆ; ನೆಲಮಾಳಿಗೆಯದು ಪ್ರತ್ಯೇಕ. ನಕ್ಷೆಯ ಹಂತದಲ್ಲೇ ಈ ಎರಡು ದಾರಿಗಳನ್ನು ಬೇರ್ಪಡಿಸಿದರೆ ಅರ್ಧ ಸಮಸ್ಯೆ ಬಗೆಹರಿದಂತೆ.

ಕವಾಟದ ಬಾಗಿಲಿಗೆ ಒಂದು ಬಟ್ಟೆಯ ಚೂರು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ಆದುದರಿಂದ ಅದನ್ನು ನೆಲದಡಿ ಹೂತುಬಿಡದೆ, ಮುಚ್ಚಳ ತೆಗೆದು ಕೈಗೆಟಕುವಂತೆ ಸಣ್ಣ ಚೇಂಬರಿನಲ್ಲಿ ಇಡಬೇಕು.

ತೊಟ್ಟಿ, ಪಂಪು ಮತ್ತು ಕತ್ತಲು

ನೀರು ತಾನಾಗಿ ಹರಿಯದ ಮನೆಗಳಲ್ಲಿ ಉಳಿದಿರುವ ದಾರಿ ಪಂಪು. ನೆಲಮಾಳಿಗೆಯ ಕೊಳೆನೀರನ್ನೆಲ್ಲ ಒಂದು ಮುಚ್ಚಿದ ತೊಟ್ಟಿಗೆ ಹರಿಸಿ, ಅಲ್ಲಿಂದ ಮಲಸಹಿತ ನೀರನ್ನು ಎತ್ತಬಲ್ಲ ಸಬ್‌ಮರ್ಸಿಬಲ್ ಪಂಪಿನಿಂದ ಮೇಲಕ್ಕೆ ತಳ್ಳುವುದು. ಕೊಳವೆಬಾವಿಗೋ ಸಂಪಿಗೋ ಹಾಕುವ ಪಂಪು ಇಲ್ಲಿ ಕೆಲಸಕ್ಕೆ ಬಾರದು.

ತೊಟ್ಟಿ ಎಷ್ಟು ದೊಡ್ಡದಿರಬೇಕು? ದೊಡ್ಡದಿದ್ದಷ್ಟೂ ಕ್ಷೇಮ ಎಂಬುದು ಕುಡಿಯುವ ನೀರಿನ ಸಂಪಿಗೆ ಸಲ್ಲುವ ಮಾತು. ಕೊಳೆನೀರು ಹೆಚ್ಚು ಹೊತ್ತು ನಿಂತರೆ ಕೊಳೆತು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಗಾಳಿಗಿಂತ ಭಾರ. ನೆಲಮಾಳಿಗೆಯಂಥ ತಗ್ಗಿನಲ್ಲಿ ಶೇಖರವಾಗುತ್ತದೆ. ಪ್ರಮಾಣ ಏರಿದಾಗ ಮೂಗಿನ ವಾಸನಾಶಕ್ತಿಯನ್ನೇ ಮಂಕಾಗಿಸುವುದರಿಂದ ಅಪಾಯ ಗೊತ್ತಾಗುವುದೂ ಇಲ್ಲ. ತೀರ ಚಿಕ್ಕ ತೊಟ್ಟಿಯಾದರೆ ಪಂಪು ಕ್ಷಣಕ್ಷಣಕ್ಕೂ ಚಾಲೂ ಆಗಿ ಬೇಗ ಸುಡುತ್ತದೆ.

ಇವೆರಡರ ನಡುವಿನ ಅಳತೆಯನ್ನು ನಿರ್ಧರಿಸುವುದು ವಿದ್ಯುತ್ ಕಡಿತ. ಜೋರುಮಳೆ ಬರುವುದೂ ಕರೆಂಟು ಹೋಗುವುದೂ ಒಟ್ಟಿಗೇ. ಆ ಹೊತ್ತಿನಲ್ಲಿ ನಾಲ್ವರು ತಲಾ 30 ಲೀಟರಿನಂತೆ ಬಕೆಟ್ ಸ್ನಾನ ಮಾಡಿ, ಎಂಟು ಬಾರಿ ತಲಾ 8 ಲೀಟರಿನಂತೆ ಫ್ಲಶ್ ಮಾಡಿದರೆ 184 ಲೀಟರ್ ಆಗುತ್ತದೆ. ಪಂಪು ಚಾಲೂ ಆಗುವ ಮಟ್ಟಕ್ಕಿಂತ ಮೇಲೆ ಇಷ್ಟು ಜಾಗ ಖಾಲಿ ಉಳಿಯುವಂತೆ ನೋಡಿಕೊಂಡರೆ, ಮನೆಬಳಕೆಯ ಒಂದು ಬಚ್ಚಲಿಗೆ 400–500 ಲೀಟರಿನ ತೊಟ್ಟಿ ಸಾಕಾಗುತ್ತದೆ. ತೊಟ್ಟಿಗೆ ಗಾಳಿಯಾಡದಂತೆ ಬಿಗಿಯಾದ ಮುಚ್ಚಳ ಬೇಕು, ಆದರೆ ಅನಿಲ ಹೊರಹೋಗಲು ಪ್ರತ್ಯೇಕ ವೆಂಟ್ ಕೊಳವೆಯನ್ನು ತಾರಸಿಯ ಮೇಲಿನವರೆಗೆ ಒಯ್ಯಬೇಕು. ಅದನ್ನು ನೆಲಮಾಳಿಗೆಯ ಕಿಟಕಿಯ ಬಳಿ ನಿಲ್ಲಿಸಿ ಕೈತೊಳೆದುಕೊಳ್ಳುವ ಅಭ್ಯಾಸ ಬಿಡಬೇಕು.

ಅಂತರ್ಜಲ ಮೇಲಿರುವ ಕರಾವಳಿಯಂಥ ಕಡೆ ಇನ್ನೊಂದು ತೊಡಕಿದೆ. ನೆಲದಡಿ ಹೂತ 500 ಲೀಟರಿನ ಪ್ಲಾಸ್ಟಿಕ್ ತೊಟ್ಟಿ ಖಾಲಿಯಿದ್ದಾಗ, ಸುತ್ತಲಿನ ನೀರು ಅದನ್ನು ಸುಮಾರು 500 ಕಿಲೋ ಬಲದಿಂದ ಮೇಲಕ್ಕೆ ಒತ್ತುತ್ತದೆ. ಕಾಂಕ್ರೀಟಿನ ತಳಕ್ಕೆ ಬಿಗಿಯದಿದ್ದರೆ ತೊಟ್ಟಿ ನೆಲ ಸೀಳಿ ಏಳಬಹುದು, ಸೇರಿಸಿದ ಕೊಳವೆಗಳು ಮುರಿಯಬಹುದು.

ಪಂಪಿನಿಂದ ಹೊರಟ ಕೊಳವೆಯ ದಾರಿ ಇಡೀ ಯೋಜನೆಯಲ್ಲಿ ಅತ್ಯಂತ ಮಹತ್ವದ್ದು. ಅದನ್ನು ನೇರವಾಗಿ ಚೇಂಬರಿಗೆ ತಿರುಗಿಸಬಾರದು. ಮೊದಲು ರಸ್ತೆಯ ಮಟ್ಟಕ್ಕಿಂತ ಒಂದಡಿಯಾದರೂ ಮೇಲಕ್ಕೆ ಏರಿಸಿ, ಅಲ್ಲಿ ಬಾಗಿಸಿ, ನಂತರ ಚೇಂಬರಿಗೆ ಇಳಿಸಬೇಕು. ರಸ್ತೆಯ ಒಳಚರಂಡಿ ಮುಚ್ಚಳದವರೆಗೆ ತುಂಬಿ ಬಂದರೂ ನೀರು ಈ ಬಾಗನ್ನು ದಾಟಲಾರದು. ಪಂಪಿನ ಬಳಿ ನಾನ್ ರಿಟರ್ನ್ ವಾಲ್ವ್ ಇದ್ದೇ ಇರುತ್ತದೆ, ಆದರೆ ಕವಾಟ ಕೈಕೊಡಬಹುದು, ಎತ್ತರ ಕೈಕೊಡುವುದಿಲ್ಲ.

ಹೀಗೆ ಏರಿಸಿದಾಗ ಮೇಲಿನ ಉದಾಹರಣೆಯ ಮನೆಯಲ್ಲಿ ಪಂಪು ಎತ್ತಬೇಕಾದ ಎತ್ತರ ಎಷ್ಟು? ತೊಟ್ಟಿಯ ತಳ ರಸ್ತೆಗಿಂತ 370 ಸೆಂಟಿಮೀಟರ್ ಕೆಳಗೆ, ಬಾಗು 30 ಸೆಂಟಿಮೀಟರ್ ಮೇಲೆ. ಒಟ್ಟು ನಾಲ್ಕು ಮೀಟರ್. ಕೊಳವೆಯೊಳಗಿನ ಘರ್ಷಣೆಯ ನಷ್ಟ ಇದಕ್ಕೆ ಸೇರುತ್ತದೆ. ಅಂಗಡಿಯಲ್ಲಿ ಪಂಪಿನ ಪೆಟ್ಟಿಗೆಯ ಮೇಲೆ ‘ಗರಿಷ್ಠ ಹೆಡ್ 5 ಮೀಟರ್’ ಎಂದಿದ್ದರೆ ಸಾಕಲ್ಲ ಎನಿಸಬಹುದು. ಸಾಲದು. ಗರಿಷ್ಠ ಹೆಡ್ ಎಂದರೆ ನೀರಿನ ಹರಿವು ಪೂರ್ತಿ ನಿಂತುಹೋಗುವ ಎತ್ತರ. ನಾಲ್ಕು ಮೀಟರಿಗೆ ಮಿನಿಟಿಗೆ ಎಷ್ಟು ಲೀಟರ್ ಎತ್ತುತ್ತದೆ ಎಂಬುದನ್ನು ಕಂಪನಿಯ ಪಟ್ಟಿಯಲ್ಲಿ ನೋಡಿಯೇ ಕೊಳ್ಳಬೇಕು. ಅಪಾರ್ಟ್‌ಮೆಂಟು, ಕಚೇರಿಗಳಲ್ಲಿ ಒಂದರ ಬದಲು ಎರಡು ಪಂಪುಗಳಿದ್ದು ಸರದಿಯಲ್ಲಿ ನಡೆಯುವಂತೆ, ತೊಟ್ಟಿ ತುಂಬಿದರೆ ಗಂಟೆ ಬಾರಿಸುವಂತೆ ಮಾಡುವುದು ವಾಡಿಕೆ. ಮನೆಗಳಲ್ಲೂ ಆ ಗಂಟೆ ಬೇಕು.

ವಿದ್ಯುತ್ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ನೆಲಮಾಳಿಗೆಯಲ್ಲಿ ಇಡಬಾರದು. ಅದು ನೆಲ ಅಂತಸ್ತಿನಲ್ಲಿ, ಮಳೆನೀರು ತಲುಪದ ಎತ್ತರದಲ್ಲಿರಬೇಕು. ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ 30 ಮಿಲಿಆಂಪಿಯರ್ ಸಾಧನ ಕಡ್ಡಾಯವೆಂದೇ ತಿಳಿಯಬೇಕು. 2025ರ ಮೇ ತಿಂಗಳ ಮಳೆಯಲ್ಲಿ ಬೆಂಗಳೂರಿನ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಗೆ ನುಗ್ಗಿದ ನೀರನ್ನು ಪಂಪಿನಿಂದ ಹೊರಹಾಕುವ ವೇಳೆ ವಿದ್ಯುತ್ ಪ್ರವಹಿಸಿ ಒಬ್ಬ ಹಿರಿಯರೂ ಒಬ್ಬ ಬಾಲಕನೂ ಪ್ರಾಣ ಕಳೆದುಕೊಂಡರು. ನೀರು ನಿಂತ ನೆಲಮಾಳಿಗೆ ಮತ್ತು ತಂತಿ ಒಂದೆಡೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ತೊಟ್ಟಿ ತೋಡಲು ಜಾಗವೇ ಇಲ್ಲದ ಹಳೆಯ ಕಟ್ಟಡಗಳಲ್ಲಿ ಕಮೋಡಿನ ಹಿಂದೆಯೇ ಕೂರುವ, ಮಲವನ್ನು ಅರೆದು ಸಣ್ಣ ಕೊಳವೆಯಲ್ಲಿ ಮೇಲಕ್ಕೆ ತಳ್ಳುವ ಯಂತ್ರಗಳಿವೆ. ನೆಲ ಒಡೆಯದೆ ಕೆಲಸ ಮುಗಿಯುತ್ತದೆ. ಆದರೆ ಬಟ್ಟೆ, ಸ್ಯಾನಿಟರಿ ಪ್ಯಾಡ್ ಬಿದ್ದರೆ ನಿಂತುಹೋಗುತ್ತದೆ, ಕರೆಂಟು ಹೋದರೆ ಶೌಚಾಲಯವೇ ಬಂದ್. ಹಲವರು ಬಳಸುವ ಕಡೆ ಇದು ಹೊಂದುವುದಿಲ್ಲ.

ನೆಲ ಕೊಯ್ಯಬೇಕೆ, ಎತ್ತರಿಸಬೇಕೆ?

ಮಟ್ಟ ಮತ್ತು ದಾರಿ ತೀರ್ಮಾನವಾದ ಬಳಿಕವಷ್ಟೇ ಬಚ್ಚಲೊಳಗಿನ ಕೊಳವೆಗಳ ಮಾತು. ಹೊಸ ಕಟ್ಟಡವಾದರೆ ನೆಲಕ್ಕೆ ಕಾಂಕ್ರೀಟ್ ಸುರಿಯುವ ಮುನ್ನವೇ ಎಲ್ಲವನ್ನೂ ಕೂರಿಸಬಹುದು. ಕಟ್ಟಿ ಮುಗಿದ ನೆಲಮಾಳಿಗೆಯಾದರೆ ಎಚ್ಚರ ಬೇಕು. ಇಲ್ಲಿನ ಅನೇಕ ಕಟ್ಟಡಗಳಲ್ಲಿ ನೆಲಮಾಳಿಗೆಯ ನೆಲವೇ ಕಟ್ಟಡದ ಭಾರ ಹೊತ್ತ ಪಾಯ. ಎಂಜಿನಿಯರನ್ನು ಕೇಳದೆ ಅದರ ಕಬ್ಬಿಣ ಕತ್ತರಿಸುವಂತಿಲ್ಲ. ಅಂತರ್ಜಲ ಒಳಬರದಂತೆ ಹಾಕಿದ ವಾಟರ್‌ಪ್ರೂಫಿಂಗ್ ಪದರಕ್ಕೂ ಒಮ್ಮೆ ತೂತು ಬಿದ್ದರೆ ಮತ್ತೆ ಸರಿಪಡಿಸುವುದು ಕಷ್ಟ.

ಇಂಥ ಕಡೆ ನೆಲ ಕೊಯ್ಯುವುದಕ್ಕಿಂತ ಬಚ್ಚಲಿನ ನೆಲವನ್ನೇ 25–30 ಸೆಂಟಿಮೀಟರ್ ಎತ್ತರಿಸಿ ಕೊಳವೆಗಳನ್ನು ಅದರೊಳಗೆ ಹಾಯಿಸುವುದು ಲೇಸು. ಒಂದೆರಡು ಮೆಟ್ಟಿಲು ಏರಬೇಕಾಗುತ್ತದೆ, ನೋಟ ಕೊಂಚ ಕೆಡುತ್ತದೆ. ವೃದ್ಧರು ಬಳಸುವ ಬಚ್ಚಲಾದರೆ ಹಿಡಿಕೆಯನ್ನು ಮರೆಯಬಾರದು. ಛಾವಣಿಯ ಎತ್ತರ 2.4 ಮೀಟರಿಗಿಂತ ಕಡಿಮೆಯಾಗದಷ್ಟು ಜಾಗ ಇದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಕೊಳೆ ಹೊರಡುವ ಬಾಯಿ ಹಿಂಬದಿಗಿರುವ ‘ಪಿ’ ಟ್ರ್ಯಾಪ್ ಕಮೋಡು ಇಲ್ಲಿ ಅನುಕೂಲಕರ. ನೆಲದಿಂದ ಸುಮಾರು 18 ಸೆಂಟಿಮೀಟರ್ ಮೇಲೆ ಕೊಳವೆ ಹೊರಡುವುದರಿಂದ ಅಷ್ಟು ಎತ್ತರ ಉಳಿಯುತ್ತದೆ. ನೆಲದೊಳಕ್ಕೆ ಇಳಿಯುವ ‘ಎಸ್’ ಟ್ರ್ಯಾಪ್ ಕಮೋಡೇ ಬೇಕೆಂದರೆ ಗೋಡೆಯಿಂದ ಕೊಳವೆಯ ಮಧ್ಯಕ್ಕೆ ಎಷ್ಟು ಅಂತರ ಎಂಬುದನ್ನು ಕೊಂಡ ಮಾದರಿಯ ಕಾಗದದಲ್ಲೇ ನೋಡಬೇಕು. ಅದು ಟೈಲ್ಸ್ ಹಚ್ಚಿದ ಗೋಡೆಯಿಂದ ಲೆಕ್ಕ, ಇಟ್ಟಿಗೆಯ ಗೋಡೆಯಿಂದಲ್ಲ. ಎರಡು ಸೆಂಟಿಮೀಟರಿನ ಈ ಮರೆವು ಎಷ್ಟೋ ಕಮೋಡುಗಳನ್ನು ಗೋಡೆಗೆ ಅಂಟಿಸಿದೆ.

ಕಮೋಡು ತೊಟ್ಟಿಗೆ ಅತಿ ಹತ್ತಿರ ಇರಲಿ. ಬೇಸಿನ್, ಸ್ನಾನದ ಜಾಗ ದೂರವಿದ್ದರೆ ತೊಂದರೆಯಿಲ್ಲ. ಅವುಗಳ ನೀರು ತೆಳು. ನೆಲದ ನಹಾನಿ ಟ್ರ್ಯಾಪಿಗೆ 75 ಮಿಲಿಮೀಟರ್ ಕೊಳವೆ, ಅದರಲ್ಲಿ ಸದಾ 50 ಮಿಲಿಮೀಟರ್ ನೀರು ನಿಲ್ಲುವಂಥದ್ದೇ ಬೇಕು. ನೆಲಮಾಳಿಗೆಯ ಬಚ್ಚಲು ವಾರಗಟ್ಟಲೆ ಬಳಕೆಯಾಗದೆ ಉಳಿದರೆ ಈ ನೀರು ಆರಿಹೋಗಿ, ತೊಟ್ಟಿಯ ಅನಿಲಕ್ಕೂ ಜಿರಳೆಗೂ ದಾರಿ ತೆರೆಯುತ್ತದೆ. ವಾರಕ್ಕೊಂದು ಚೊಂಬು ನೀರು ಸುರಿದರೆ ಮುಗಿಯುವ ಸಂಗತಿ ಇದು. ಕೊಳವೆ ತಿರುಗುವಲ್ಲಿ 90 ಡಿಗ್ರಿಯ ಒಂದು ಬೆಂಡಿಗಿಂತ 45 ಡಿಗ್ರಿಯ ಎರಡು ಮೇಲು, ಕೂಡುವಲ್ಲಿ ‘ಟೀ’ಗಿಂತ ‘ವೈ’ ಮೇಲು. ಪ್ರತಿ ತಿರುವಿನಲ್ಲೂ ತೆರೆಯಬಹುದಾದ ಬಾಯಿ ಇರಬೇಕು.

ಬೆಂಗಳೂರಿನ ಮನೆಗಳಿಗೆ ವಿಶೇಷವಾಗಿ ಸಲ್ಲುವ ಎಚ್ಚರಿಕೆ ಒಂದಿದೆ. ಇಲ್ಲಿ ಕುಡಿಯುವ ನೀರಿನ ಸಂಪು ಬಹುತೇಕ ಮನೆಯ ಮುಂಭಾಗದಲ್ಲೇ, ನೆಲದಡಿಯಲ್ಲೇ ಇರುತ್ತದೆ. ಕೊಳೆನೀರಿನ ಕೊಳವೆ ರಸ್ತೆಗೆ ಹೊರಡುವುದೂ ಅದೇ ಜಾಗದಿಂದ. ಪಂಪಿನ ಕೊಳವೆಯಲ್ಲಿ ಒತ್ತಡವಿರುವುದರಿಂದ ಸಣ್ಣ ಬಿರುಕಿನಿಂದಲೂ ಕೊಳೆ ಚಿಮ್ಮುತ್ತದೆ. ಅದು ಸಂಪಿನ ಮೇಲೆ, ಪಕ್ಕದಲ್ಲಿ ಹಾಯ್ದರೆ ಕಾವೇರಿ ನೀರಿಗೆ ಏನು ಬೆರೆಯುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ನಿವೇಶನದ ಇನ್ನೊಂದು ಬದಿಯಿಂದ ಕೊಳವೆ ಒಯ್ಯಲು ಹೆಚ್ಚು ಖರ್ಚಾದರೂ ಅದೇ ಸರಿ. ಹುಬ್ಬಳ್ಳಿ–ಧಾರವಾಡದ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುವುದರಿಂದ ಅಲ್ಲಿ ಕೊಳವೆಯ ಸುತ್ತ ದಪ್ಪ ಮರಳಿನ ಹಾಸು ಬೇಕು. ಇಲ್ಲವಾದರೆ ಎರಡು ಮಳೆಗಾಲದಲ್ಲಿ ವಾಟ ಕೆಡುತ್ತದೆ.

ನೆಲ ಮುಚ್ಚುವ ಮುನ್ನ ಕೊಳವೆಯ ಬಾಯಿ ಕಟ್ಟಿ ನೀರು ತುಂಬಿಸಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಗುತ್ತಿಗೆದಾರರಿಗೆ ಅವಸರವಿರುತ್ತದೆ. ಮಾಲೀಕರಿಗೆ ಇರಬಾರದು.

ಗುಂಡಿಗೆ ಯಾರೂ ಇಳಿಯದಂತೆ

ತೊಟ್ಟಿಯ ಜಾಗವನ್ನು ಆಯ್ಕೆ ಮಾಡುವಾಗ ಬಹುಮಂದಿ ಕೇಳದ ಪ್ರಶ್ನೆ, ಪಂಪು ಕೆಟ್ಟ ದಿನ ಅದನ್ನು ಹೇಗೆ ಹೊರತೆಗೆಯುವುದು ಎಂಬುದು. ಕಾರು ನಿಲ್ಲುವ ಜಾಗದ ಕೆಳಗೆ, ಮೆಟ್ಟಿಲಿನ ಅಡಿಯ ಇಕ್ಕಟ್ಟಿನಲ್ಲಿ ತೊಟ್ಟಿ ಮಾಡಿ, ಪಂಪನ್ನು ತಳಕ್ಕೆ ಬೋಲ್ಟ್ ಹಾಕಿ ಬಿಗಿದರೆ, ಆ ದಿನ ಯಾರಾದರೊಬ್ಬ ಬಡಪಾಯಿಯನ್ನು ಒಳಗಿಳಿಸುವುದೊಂದೇ ದಾರಿಯಾಗುತ್ತದೆ. ಗಾಳಿಯಿಲ್ಲದ ನೆಲಮಾಳಿಗೆಯೊಳಗಿನ ಕೊಳೆತೊಟ್ಟಿ ಬೀದಿಯ ಆಳುಗುಂಡಿಗಿಂತಲೂ ಅಪಾಯಕಾರಿ. ಒಳಗಿಳಿದವನು ಕುಸಿದಾಗ ಮೇಲೆತ್ತಲು ಇನ್ನೊಬ್ಬ ಇಳಿದು ಇಬ್ಬರೂ ಸತ್ತ ಪ್ರಕರಣಗಳು ಈ ದೇಶದಲ್ಲಿ ಮತ್ತೆ ಮತ್ತೆ ನಡೆದಿವೆ.

ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ, ಸುರಕ್ಷಾ ಸಾಧನಗಳಿಲ್ಲದೆ ಒಳಚರಂಡಿ ಅಥವಾ ಮಲಗುಂಡಿಗೆ ವ್ಯಕ್ತಿಯನ್ನು ಇಳಿಸುವುದು ಅಪರಾಧ. ಮೊದಲ ಬಾರಿಗೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಂಥ ಸಾವುಗಳಿಗೆ ನೀಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ರೂಪಾಯಿ ಎಂದು ನಿಗದಿಪಡಿಸಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಖಾಸಗಿ ಮನೆಯ ಗುಂಡಿ ತನ್ನ ಮನೆಯದೇ ತಾನೆ ಎಂಬ ಸಡಿಲಿಕೆ ಕಾನೂನಿನಲ್ಲಿಲ್ಲ.

ಇದಕ್ಕೆ ಪರಿಹಾರ ನಕ್ಷೆಯಲ್ಲೇ ಇದೆ. ಪಂಪನ್ನು ಎರಡು ಉಕ್ಕಿನ ಸರಳುಗಳ ಮೇಲೆ ಜಾರುವಂತೆ ಕೂರಿಸಿ, ಸರಪಳಿ ಕಟ್ಟಿ, ಮುಚ್ಚಳ ತೆರೆದು ಮೇಲಿನಿಂದಲೇ ಎಳೆದು ತೆಗೆಯುವ ವ್ಯವಸ್ಥೆ ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಮುಚ್ಚಳದ ಮೇಲೆ ಒಬ್ಬರು ನಿಂತು ಎಳೆಯುವಷ್ಟು ಎತ್ತರ ಖಾಲಿ ಇರಬೇಕು. ಸಕ್ಕಿಂಗ್ ಯಂತ್ರದ ಪೈಪು ರಸ್ತೆಯಿಂದ ತೊಟ್ಟಿಯವರೆಗೆ ನೇರವಾಗಿ ಬರುವಂತೆ ದಾರಿ ಬಿಡಬೇಕು. ರ್‍ಯಾಂಪಿನ ಪಕ್ಕದ ಜಾಗ ಇದಕ್ಕೆ ಸೂಕ್ತ. ತೊಟ್ಟಿಯ ತಳವನ್ನು ಚೌಕಾಕಾರವಾಗಿ ಬಿಡದೆ ಪಂಪಿನತ್ತ ಇಳಿಜಾರಾಗಿ ಗಾರೆ ಮಾಡಿದರೆ ಮೂಲೆಗಳಲ್ಲಿ ಹೂಳು ಕೂರುವುದಿಲ್ಲ, ಸ್ವಚ್ಛಗೊಳಿಸುವ ಪ್ರಮೇಯವೂ ಕಡಿಮೆಯಾಗುತ್ತದೆ.

ಮಳೆಗಾಲ ಶುರುವಾದ ಮೇಲೆ ಕವಾಟ ಪರೀಕ್ಷಿಸುವುದೆಂದರೆ ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಯುಗಾದಿ ಕಳೆದು ಮುಂಗಾರು ಪೂರ್ವ ಮಳೆ ಬರುವುದರೊಳಗೆ ಕವಾಟದ ಮುಚ್ಚಳ ತೆಗೆದು ಬಾಗಿಲು ಸಲೀಸಾಗಿ ಆಡುತ್ತದೆಯೇ ನೋಡಬೇಕು. ಬಕೆಟ್ಟಿನಿಂದ ನೀರು ಸುರಿದು ಪಂಪು ತಾನಾಗಿ ಚಾಲೂ ಆಗುವುದನ್ನೂ, ಗಂಟೆ ಬಾರಿಸುವುದನ್ನೂ ಖಚಿತಪಡಿಸಿಕೊಳ್ಳಬೇಕು. ನೆಲ ಮುಚ್ಚುವ ಮುನ್ನ ಅಳತೆಪಟ್ಟಿ ಇಟ್ಟು ತೆಗೆದ ಕೊಳವೆಗಳ ಫೋಟೊ ಮತ್ತು ಮಟ್ಟಗಳನ್ನು ಗುರುತಿಸಿದ ಒಂದು ಹಾಳೆಯನ್ನು ನೆಲ ಅಂತಸ್ತಿನ ವಿದ್ಯುತ್ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿಟ್ಟರೆ, ಹತ್ತು ವರ್ಷದ ನಂತರ ಬರುವ ಪ್ಲಂಬರ್ ಎಲ್ಲಿ ಅಗೆಯಬೇಕೆಂದು ಇಡೀ ನೆಲವನ್ನು ಒಡೆದು ಹುಡುಕಬೇಕಾಗುವುದಿಲ್ಲ.